ಮಾರ್ಲಿಸ್ ಔಸ್ಟಾಡಳ ಮೂರನೆಯ ‘ಬೇಡ’

ಬನ್ನಿ, ಕೈಯಲ್ಲಿರುವ ಕೆಲಸವನ್ನು ಬದಿಗಿಟ್ಟು ಸ್ವಲ್ಪ ಹೊತ್ತು ಕಿವಿಗೊಡಿ. ಅಮೆರಿಕದ ಮಿನ್ನೆಸೋಟ ರಾಜ್ಯದ ಪಶ್ಚಿಮದ ಅಂಚಿನಲ್ಲಿರುವ ನೂರ್‌ಡಾಲ್ ಎಂಬ ಊರಿನ ಶಾಲೆಯ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಸೌಟು ಹಿಡಿದ ಮಾರ್ಲಿಸ್ ಔಸ್ಟಾಡ್ ಎಂಬ ಹೆಂಗಸಿನ ಕಥೆ ಇದು. ಅವಳು ಯಾರ ಪ್ರಾಣವನ್ನೂ ಉಳಿಸಲಿಲ್ಲ, ಯಾವ ಪದಕವನ್ನೂ ಗೆಲ್ಲಲಿಲ್ಲ. ತನ್ನದನ್ನು ತನ್ನದು ಎಂದಳು, ಅಷ್ಟೆ. ಅಷ್ಟಕ್ಕೇ ಊರು ಅವಳನ್ನು ಸ್ವಾರ್ಥಿ ಎಂದು ಕರೆಯಿತು. ಹಾಗೆ ಕರೆದ ಬಾಯಿಗಳ ಕಡೆಗೂ ಒಮ್ಮೆ ನೋಡೋಣ; ಆ ಹೊತ್ತಿಗೆ ಆ ಬಾಯಿಗಳ ತುಂಬ ಅವಳೇ ಬೇಯಿಸಿದ ಹಂದಿಮಾಂಸವಿತ್ತು.

ಆ ಸೀಮೆಯ ಹೊಲಗಳು ವರ್ಷಕ್ಕೊಮ್ಮೆ ಕಲ್ಲು ಹೆರುತ್ತವೆ. ಚಳಿಗಾಲವಿಡೀ ಹೆಪ್ಪುಗಟ್ಟಿದ ನೆಲ ವಸಂತದಲ್ಲಿ ಸಡಿಲವಾಗುತ್ತಲೇ ಮುಷ್ಟಿಗಾತ್ರದವು, ತಲೆಗಾತ್ರದವು, ಕರುವಿನ ಗಾತ್ರದವು ಮಣ್ಣನ್ನು ಸೀಳಿ ಮೇಲೆ ಬರುತ್ತವೆ. ಬಿತ್ತನೆಗೆ ಮುನ್ನ ಅವನ್ನು ಆರಿಸಿ ಗಾಡಿಗೆ ತುಂಬುವುದು ಮನೆಯ ಮಕ್ಕಳ ಪಾಲಿನ ಕೆಲಸ. ಊರಿನ ಮಕ್ಕಳೆಲ್ಲ ಆ ಕಲ್ಲುಗಳನ್ನು ಬೈಯುತ್ತ ಎತ್ತಿದರು. ಮಾರ್ಲಿಸ್ ಒಬ್ಬಳೇ ಒಂದೊಂದನ್ನೂ ತಿರುಗಿಸಿ, ಉಗುಳಿನಿಂದ ಒದ್ದೆ ಮಾಡಿ, ಅದರ ಗೆರೆಗಳನ್ನು ನೋಡಿ ಎತ್ತಿದಳು.

“ಹೋದ ವರ್ಷ ಎಲ್ಲಾ ಆರಿಸಿದ್ವಲ್ಲ ಅಪ್ಪ, ಇವು ಮತ್ತೆ ಎಲ್ಲಿಂದ ಬಂದ್ವು?” ಎಂದು ಅವಳು ತಂದೆಯನ್ನು ಕೇಳಿದ್ದುಂಟು.

“ಸೈತಾನ ಬಿತ್ತಿದ್ದು. ಎತ್ತಿ ಹಾಕು ಬೇಗ.”

ಒಂದು ಹರಳನ್ನಾದರೂ ಸೃಷ್ಟಿಸುವ ಶಕ್ತಿ ಸೈತಾನನಿಗಿಲ್ಲವೆಂಬುದು, ಭಾನುವಾರಗಳಲ್ಲಿ ಚರ್ಚಿನ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಆ ಮನುಷ್ಯನಿಗೆ ತಿಳಿದಿರಬೇಕಾಗಿತ್ತು. ಇರಲಿ. ಮಗಳು ಸುಮ್ಮನಾದಳು, ಪ್ರಶ್ನೆ ಸುಮ್ಮನಾಗಲಿಲ್ಲ. ತಂಗಿ ಜೋಲೀನ್ ಮಾತ್ರ ಹೊಟ್ಟೆನೋವೆಂದು ಟ್ರಕ್ಕಿನೊಳಗೆ ಕುಳಿತೇ ಇರುತ್ತಿದ್ದಳು. ಕಲ್ಲಿನ ಕೆಲಸ ಮುಗಿದು ಊಟದ ಗಂಟೆ ಬಾರಿಸಿದಾಗ ಆ ನೋವು ತಾನಾಗಿ ವಾಸಿಯಾಗುತ್ತಿತ್ತು.

ಮುಂದಿನದನ್ನು ನೀವೇ ಊಹಿಸಬಹುದು. ತಂದೆ ತೀರಿಕೊಂಡರು, ತಾಯಿ ಹಾಸಿಗೆ ಹಿಡಿದರು. ಓದುವ ಆಸೆಯಿದ್ದ ಮಗಳು ತಾಯಿಯ ಬಳಿ ನಿಂತಳು. ಆಸೆಯಿಲ್ಲದವಳನ್ನು ಫಾರ್ಗೋ ನಗರದ ಕಾಲೇಜಿಗೆ ಕಳಿಸಲಾಯಿತು. ಜೋಲೀನ್ ಒಂದು ವರ್ಷ ಅಲ್ಲಿದ್ದು, ಪದವಿಯ ಬದಲಿಗೆ ಡ್ವೇನ್ ಹೋವ್ಲಂಡ್ ಎಂಬ ಗಂಡನನ್ನು ತೆಗೆದುಕೊಂಡು ಬಂದಳು. ಟ್ರ್ಯಾಕ್ಟರಿನ ಬಿಡಿಭಾಗಗಳನ್ನು ಮಾರುವ ಅಂಗಡಿಯ ಯಜಮಾನ ಅವನು. ಮಾತು ಬಹಳ, ಕೇಳುವ ಅಭ್ಯಾಸವಿಲ್ಲ.

ಮಾರ್ಲಿಸ್‌ಗೆ ನಲವತ್ತು ದಾಟಿದ ಮೇಲೆ, ಒಂದು ದಿನ ಶಾಲೆಯ ಸಿಬ್ಬಂದಿಗೆ ಶಿಕ್ಷಣ ಉಳಿತಾಯ ಖಾತೆಯ ಬಗ್ಗೆ ಹೇಳಲು ಒಬ್ಬಾತ ಬಂದ. ಈ ಖಾತೆಯಲ್ಲಿ ಹಾಕಿದ ಹಣ ಬೆಳೆಯುತ್ತದೆ. ಬೆಳೆದದ್ದನ್ನು ಓದಿಗೇ ಬಳಸಿದರೆ ಅದರ ಮೇಲೆ ತೆರಿಗೆಯಿಲ್ಲ. ಬೇರೆ ಕೆಲಸಕ್ಕೆ ತೆಗೆದರೆ ಆ ಬೆಳೆದ ಭಾಗಕ್ಕೆ ತೆರಿಗೆಯೂ ಉಂಟು, ದಂಡವೂ ಉಂಟು. ಓದುವವರ ಹೆಸರನ್ನು ಬದಲಿಸಿ ಅದೇ ಕುಟುಂಬದ ಮತ್ತೊಬ್ಬರಿಗೆ ಬಿಟ್ಟುಕೊಡಲೂಬಹುದು. ಆತ ಮಕ್ಕಳಿದ್ದವರ ಕೈಗೆಲ್ಲ ಕಾಗದ ಕೊಟ್ಟು, ಮಾರ್ಲಿಸ್‌ಳ ಕೈಗೆ ಕೊಡದೆ ಮುಂದೆ ಹೋದ. ಮೇಜಿನ ಮೇಲೆ ಉಳಿದಿದ್ದ ಒಂದನ್ನು ಅವಳೇ ಎತ್ತಿಕೊಂಡಳು. ಸಂಜೆ ಮನೆಗೆ ಹೋಗಿ, ತಾಯಿಗೆ ಊಟ ಮಾಡಿಸಿ, ಆ ಕಾಗದದಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದಳು.

“ಮಗುವಿನ ಹೆಸರು ಹೇಳಿ ಮೇಡಂ,” ಎಂದಳು ಆ ಕಡೆಯ ಹುಡುಗಿ.

“ಮಾರ್ಲಿಸ್ ಔಸ್ಟಾಡ್.”

“ಅದು ನಿಮ್ಮ ಹೆಸರಲ್ವಾ? ನಾನು ಕೇಳ್ತಿರೋದು ಓದೋರ ಹೆಸರು.”

“ಓದೋಳೂ ನಾನೇ.”

“ಓ.” ಕೀಲಿಮಣೆಯ ಸದ್ದು ಕೇಳಿಸಿತು. “ಕಾಲೇಜು ಯಾವ ವರ್ಷ ಶುರು ಅಂತ ಹಾಕ್ಬೇಕು.”

“ಗೊತ್ತಿಲ್ಲಮ್ಮ. ನಮ್ಮಮ್ಮ ಇನ್ನೂ ಇದಾರೆ.”

“ವಯಸ್ಸಿನ ಮಿತಿ ಏನಾದ್ರೂ ಇದೆಯಾ ಅಂತ ನೋಡ್ತಿದೀನಿ. ಇಲ್ಲ ಮೇಡಂ, ಇಲ್ಲ.”

“ಇಲ್ಲ ಅಂತ ನಾನೂ ನೋಡ್ಕೊಂಡೇ ಫೋನ್ ಮಾಡಿದ್ದು.”

ಅಂದಿನಿಂದ ಪ್ರತಿ ಸಂಬಳದಲ್ಲಿಯೂ ಒಂದು ಪಾಲು ಆ ಖಾತೆಗೆ ಹೋಯಿತು. ಹಳೆಯ ಕಾರು ಇನ್ನೊಂದಷ್ಟು ವರ್ಷ ಓಡಿತು, ಹಳೆಯ ಕೋಟು ಇನ್ನೊಂದಷ್ಟು ಚಳಿಗಾಲ ಕಂಡಿತು. ಇದನ್ನು ತ್ಯಾಗವೆಂದು ಅವಳು ಒಮ್ಮೆಯೂ ಹೇಳಿಕೊಳ್ಳಲಿಲ್ಲ. ದೇವರು ತನ್ನೊಳಗೆ ಇಟ್ಟ ಒಂದು ಪ್ರಶ್ನೆಗೆ ಅವಳು ಊಟ ಹಾಕಿ ಸಾಕುತ್ತಿದ್ದಳು.

ಡ್ವೇನ್ ಕೂಡ ಮಗ ಕೋಲ್ಟನ್‌ನ ಹೆಸರಿನಲ್ಲಿ ಇಂಥದೇ ಖಾತೆ ತೆರೆದಿದ್ದ. ಡ್ವೇನ್ ಕಡೆಯ ಅಜ್ಜ ಅಜ್ಜಿಯರು ಪ್ರತಿ ಕ್ರಿಸ್‌ಮಸ್‌ಗೆ ಅದರಲ್ಲಿ ಹಾಕುತ್ತಿದ್ದರು. ಹುಡುಗನಿಗೆ ಹನ್ನೆರಡು ತುಂಬಿದ ಬೇಸಿಗೆಯಲ್ಲಿ ಡ್ವೇನ್ ಅದನ್ನು ಬರಿದು ಮಾಡಿ, ತೆರಿಗೆ ಕಟ್ಟಿ, ದಂಡವನ್ನೂ ಕಟ್ಟಿ, ಊರ ಪಕ್ಕದ ಸರೋವರದಲ್ಲಿ ತೇಲಿಸಲು ಸೋಫಾಗಳಿರುವ ಅಗಲವಾದ ಮೋಟಾರು ದೋಣಿಯೊಂದನ್ನು ಕೊಂಡ. ಅದಕ್ಕೆ ‘ಕೃಪೆ’ ಎಂದು ಹೆಸರನ್ನೂ ಬರೆಸಿದ. ದೇವರ ಕೃಪೆ ಉಚಿತವಾಗಿ ದೊರೆಯುವಂಥದು. ಡ್ವೇನ್ ಹೋವ್ಲಂಡನ ಕೃಪೆಗೆ ದಂಡ ತೆರಬೇಕಾಯಿತು. ಆ ದೋಣಿಯಲ್ಲಿ ಕುಳಿತು ತಣ್ಣನೆಯ ಬಿಯರು ಕುಡಿದ ಊರಿನ ಸಜ್ಜನರಲ್ಲಿ ಒಬ್ಬರಿಗಾದರೂ, ತಾವು ಒಬ್ಬ ಹುಡುಗನ ಕಾಲೇಜಿನ ಮೇಲೆ ಕಾಲು ಚಾಚಿ ಕುಳಿತಿದ್ದೇವೆಂದು ಅನಿಸಲಿಲ್ಲ. ಅನಿಸಿದ್ದರೂ ಹೇಳಲಿಲ್ಲ. ನೂರ್‌ಡಾಲಿನಲ್ಲಿ ಹೇಳದಿರುವುದನ್ನು ಸದ್ಗುಣವೆಂದು ಎಣಿಸುತ್ತಾರೆ.

ಮಾರ್ಲಿಸ್‌ಳ ತಾಯಿ ತೀರಿಕೊಂಡ ಮರುವರ್ಷ, ಒಂದೂವರೆ ಗಂಟೆ ದಾರಿಯ ವಿಶ್ವವಿದ್ಯಾಲಯದಲ್ಲಿ ಭೂಗರ್ಭಶಾಸ್ತ್ರ ಓದಲು ಅವಳಿಗೆ ಪ್ರವೇಶ ಸಿಕ್ಕಿತು. ವಯಸ್ಸು ಐವತ್ತೇಳು. ಕೋಲ್ಟನ್ ಶಾಲೆ ಮುಗಿಸುವುದೂ ಅದೇ ವರ್ಷಕ್ಕೆ ಬಂತು. ಡ್ವೇನ್‌ಗೆ ಆಗ ಥಟ್ಟನೆ ಕುಟುಂಬದ ನೆನಪಾಯಿತು.

ಮೊದಲ ಸಲ ಕೇಳಿದ್ದು ಈಸ್ಟರ್ ಊಟದಲ್ಲಿ.

“ಮಾರ್ಲಿಸ್, ನಿನ್ನ ಆ ಖಾತೆ ಕೋಲ್ಟನ್ ಹೆಸರಿಗೆ ಮಾಡ್ಬಿಟ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ,” ಎಂದಳು ಜೋಲೀನ್, ಆಲೂಗಡ್ಡೆಯ ಬಟ್ಟಲನ್ನು ಮುಂದಕ್ಕೆ ತಳ್ಳುತ್ತ.

“ಬೇಡ ಜೋಲೀನ್. ಅದು ನನ್ನ ಓದಿಗೆ ಇಟ್ಟಿರೋದು.”

“ನೀನು ಓದ್ತೀಯಾ?” ಡ್ವೇನ್ ಮಾಂಸ ಕತ್ತರಿಸುವುದನ್ನು ನಿಲ್ಲಿಸಿದ. “ಏನೋದ್ತೀಯ, ಸೂಪು ಕುದಿಸೋದಾ?”

“ಭೂಗರ್ಭಶಾಸ್ತ್ರ.”

“ಅಂದ್ರೆ ಕಲ್ಲು. ಕಲ್ಲು ನೋಡೋಕೆ ಕಾಲೇಜ್ ಬೇಕಾ? ನಮ್ಮಣ್ಣನ ಹೊಲಕ್ಕೆ ಬಾ, ಏಪ್ರಿಲ್ ತಿಂಗಳಲ್ಲಿ ಪುಕ್ಕಟೆ ಕಲಿಸ್ತೀನಿ.” ತನ್ನ ಹಾಸ್ಯಕ್ಕೆ ತಾನೇ ನಕ್ಕು, ಆಮೇಲೆ ಮೆತ್ತಗಾದ. “ನೋಡು, ಹೆಸರು ಬದಲಾಯಿಸಿದ್ರೆ ಒಂದು ಪೈಸೆ ತೆರಿಗೆ ಇಲ್ಲ. ನೀನು ತೆಗ್ದು ಛಾವಣಿ ರಿಪೇರಿಗೆ ಹಾಕಿದ್ರೆ ಸರ್ಕಾರ ಕತ್ತರಿಸಿ ಬಿಡುತ್ತೆ. ಅನುಭವದಿಂದ ಹೇಳ್ತಿದೀನಿ.”

“ನಿಂಗೆ ಅನುಭವ ಇದೆ ಅಂತ ಸರೋವರ ನೋಡಿದ್ರೇ ಗೊತ್ತಾಗುತ್ತೆ ಡ್ವೇನ್,” ಎಂದಳು ಮಾರ್ಲಿಸ್. ಅವನಿಗದು ಅರ್ಥವಾಗಲಿಲ್ಲ.

ಎರಡನೆಯ ಸಲ ಕೇಳಿದ್ದು ಚರ್ಚಿನ ಸಭಾಮಂದಿರದ ನೆಲಮಾಳಿಗೆಯ ಅಡುಗೆಮನೆಯಲ್ಲಿ. ಯಾರದೋ ಉತ್ತರಕ್ರಿಯೆಯ ಊಟ ಮುಗಿದಿತ್ತು. ಮಾರ್ಲಿಸ್ ಕಪ್ಪು ತೊಳೆಯುತ್ತಿದ್ದಳು, ಜೋಲೀನ್ ಒರೆಸುತ್ತಿದ್ದಳು.

“ಮತ್ತೆ ಕೇಳ್ತಾಳಲ್ಲ ಅಂತ ಬೇಜಾರು ಮಾಡ್ಕೋಬೇಡ. ಕೋಲ್ಟನ್ ವಿಷಯ.”

“ಬೇಡ ಜೋಲೀನ್. ನಂಗೆ ಸೀಟು ಸಿಕ್ಕಿದೆ. ಆಗಸ್ಟ್ ಕೊನೆಗೆ ಶುರು.”

“ಹೂಂ, ಹೂಂ,” ಎಂದು ಜೋಲೀನ್ ಅಕ್ಕನ ತೋಳನ್ನು ತಟ್ಟಿ ಮುಗುಳ್ನಕ್ಕಳು.

ಆ ಮುಗುಳ್ನಗೆಯ ಹಿಂದೆ ಊರಿಗೆ ಊರೇ ಇತ್ತು. ನೂರ್‌ಡಾಲಿನಲ್ಲಿ ಕಾಫಿ ಬೇಕೇ ಎಂದರೆ ಮೊದಲ ಸಲ ಯಾರೂ ಹೌದೆನ್ನುವುದಿಲ್ಲ; ತೊಂದರೆ ತೆಗೆದುಕೊಳ್ಳಬೇಡಿ ಎನ್ನುತ್ತಾರೆ. ಎರಡನೆಯ ಸಲವೂ ಬೇಡವೆನ್ನುತ್ತಾರೆ. ಮೂರನೆಯ ಸಲ, ಹಾಗಾದರೆ ಅರ್ಧ ಕಪ್ಪು ಎಂದು ತುಂಬಿದ ಕಪ್ಪನ್ನು ಕುಡಿಯುತ್ತಾರೆ. ಎರಡು ‘ಬೇಡ’ಗಳಾಗದೆ ಕೈಚಾಚಿದವನನ್ನು ಹೊಟ್ಟೆಬಾಕನೆಂದು ನೆನಪಿಟ್ಟುಕೊಳ್ಳುತ್ತಾರೆ. ಕಾಫಿಗೆ ಇದು ಚಂದದ ನಡವಳಿಕೆಯೇ. ಆದರೆ ಹೋವ್ಲಂಡ್ ದಂಪತಿಗಳು ಇದನ್ನು ಮತ್ತೊಬ್ಬಳ ಆಯುಷ್ಯದ ಉಳಿತಾಯಕ್ಕೆ ಅನ್ವಯಿಸಿದರು. ಎರಡು ‘ಬೇಡ’ ಆಗಿವೆ. ಇನ್ನುಳಿದದ್ದು ‘ಹೂಂ’ ಮಾತ್ರ. ಅದನ್ನು ಕೇಳುವ ಶ್ರಮವಾದರೂ ಏಕೆ? ದುರಾಸೆಗೆ ದೊಡ್ಡ ನೆಪ ಬೇಕಾಗಿಲ್ಲ, ಸಂಪ್ರದಾಯದ ಒಂದು ಚೂರು ಸಿಕ್ಕರೆ ಸಾಕು, ಅದನ್ನೇ ಹೊದ್ದುಕೊಂಡು ಸಭ್ಯವಾಗಿ ನಿಲ್ಲುತ್ತದೆ. ಮದುವೆಯಾಗದ ಹೆಂಗಸಿನ ಹಣ ತಂಗಿಯ ಮಕ್ಕಳಿಗೆ ಸೇರಿದ್ದೆಂಬುದು ಆ ಊರಿನಲ್ಲಿ ಯಾರೂ ಬರೆಯದ, ಎಲ್ಲರೂ ನಂಬಿದ ಶಾಸನ.

ಜೂನ್ ತಿಂಗಳ ಒಂದು ಶನಿವಾರ ಕೋಲ್ಟನ್‌ನ ಶಾಲೆ ಮುಗಿದ ಸಂತೋಷಕೂಟ. ಹೋವ್ಲಂಡರ ಗ್ಯಾರೇಜಿನಿಂದ ಕಾರುಗಳನ್ನು ಹೊರಗೆ ತೆಗೆದು, ನೆಲ ತೊಳೆದು, ಸಭಾಮಂದಿರದಿಂದ ತಂದ ಮಡಿಸುವ ಮೇಜುಗಳನ್ನು ಸಾಲಾಗಿ ಹಾಕಿದ್ದರು. ಹುಡುಗ ತೊಟ್ಟಿಲಲ್ಲಿದ್ದಾಗಿನಿಂದ ಜಿಂಕೆ ಹೊಡೆದ ದಿನದವರೆಗಿನ ಚಿತ್ರಗಳು ಒಂದು ಹಲಗೆಯ ಮೇಲೆ. ಅಡುಗೆಯನ್ನು ಯಥಾಪ್ರಕಾರ ಮಾರ್ಲಿಸ್‌ಗೇ ವಹಿಸಲಾಗಿತ್ತು. ಬನ್ನಿನೊಳಗಿಡುವ ಹಂದಿಮಾಂಸ, ಆಲೂಗಡ್ಡೆಯ ಸಲಾಡ್, ಮೂರು ಬಗೆಯ ಸಿಹಿ. ಎರಡು ದಿನ ಅವಳು ಒಲೆಯ ಮುಂದಿನಿಂದ ಕದಲಿರಲಿಲ್ಲ.

ಊಟಕ್ಕೆ ಮುಂಚೆ ಡ್ವೇನ್ ಲೋಟಕ್ಕೆ ಚಮಚ ಬಡಿದ. ಸಭಾಪಾಲಕರಾದ ಪಾಸ್ಟರ್ ಲಿಂಡ್ ಅವರು ಪ್ರಾರ್ಥನೆ ಮಾಡುವರೆಂದ. ಗಂಡಸರು ಟೋಪಿ ತೆಗೆದರು. ಮಾರ್ಲಿಸ್ ಮಾಂಸದ ತಟ್ಟೆ ಹಿಡಿದುಕೊಂಡೇ ತಲೆಬಾಗಿದಳು.

“ಪರಲೋಕದ ತಂದೆಯೇ,” ಎಂದರು ಪಾಸ್ಟರ್, “ಈ ಅನ್ನಕ್ಕಾಗಿ, ಈ ಹುಡುಗನಿಗಾಗಿ ನಿನಗೆ ಸ್ತೋತ್ರ. ತನ್ನ ಓದಿನ ಉಳಿತಾಯವನ್ನೆಲ್ಲ ಕೋಲ್ಟನ್‌ನ ಮುಂದಿನ ವರ್ಷಗಳಿಗಾಗಿ ಸಂತೋಷದಿಂದ ಬಿಟ್ಟುಕೊಟ್ಟ ಅವನ ಆಂಟಿ ಮಾರ್ಲಿಸ್‌ಳ ಉದಾರ ಹೃದಯಕ್ಕಾಗಿ ನಿನಗೆ ಸ್ತೋತ್ರ.”

ತಲೆಬಾಗಿದ್ದವರ ನಡುವೆ ಮೆಚ್ಚುಗೆಯ ಒಂದು ಗುಸುಗುಸು ಹರಿಯಿತು.

ಪ್ರಾರ್ಥನೆಯನ್ನು ಪರರ ಪೆಟ್ಟಿಗೆಗೆ ಕಳ್ಳಕೀಲಿ ಮಾಡುವ ಈ ವಿದ್ಯೆ ಎಷ್ಟು ಹೇಯವೆಂಬುದನ್ನು ಬಲ್ಲವರು ಬಲ್ಲರು. ಕಳ್ಳನಾದರೂ ಕತ್ತಲನ್ನು ನಂಬುತ್ತಾನೆ. ಪಾಸ್ಟರರ ಬಾಯಿಗೆ ಈ ಮಾತು ಹಾಕಿದ ಡ್ವೇನ್ ನಂಬಿದ್ದು ಎಲ್ಲರೂ ಕಣ್ಣು ಮುಚ್ಚಿರುವ ಹಾಡುಹಗಲನ್ನು.

ಮಾರ್ಲಿಸ್‌ಳ ಕೈಯ ತಟ್ಟೆ ಭಾರವಾಯಿತು. ಸುಮ್ಮನಿದ್ದುಬಿಡುವುದು ಎಷ್ಟು ಸುಲಭವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಜೀವಮಾನವಿಡೀ ಅವಳು ಮಾಡಿದ್ದು ಅದನ್ನೇ. ಒಂದು ಫೋನ್, ಒಂದು ಹೆಸರಿನ ಬದಲಿಗೆ ಇನ್ನೊಂದು ಹೆಸರು. ಊರು ಅವಳನ್ನು ಹೊಗಳುತ್ತಿತ್ತು. ಅವಳು ಸತ್ತಾಗ ಇದೇ ಪಾಸ್ಟರು ಇದೇ ಮಾತನ್ನು ಇನ್ನೊಮ್ಮೆ ಹೇಳುತ್ತಿದ್ದರು. ಸರಿ ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು ಕೂಡ. ಆದರೆ ಇನ್ನೇನು ‘ಆಮೆನ್’ ಬರಲಿತ್ತು. ಹಾಗೆಯೇ ಆಗಲಿ ಎಂದು ಅದರ ಅರ್ಥ. ಆಗದ್ದಕ್ಕೆ, ಆಗಬಾರದ್ದಕ್ಕೆ ಆಮೆನ್ ಎಂದರೆ ಅದು ಊರಿಗೆ ತೋರಿದ ಸೌಜನ್ಯವಲ್ಲ, ದೇವರಿಗೆ ಹೇಳಿದ ಸುಳ್ಳು. ಊರಿನ ಮುಂದೆ ಬಾಯಿಮುಚ್ಚಿಕೊಂಡಿರಲು ಅವಳಿಗೆ ಬರುತ್ತಿತ್ತು. ದೇವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

“ಪಾಸ್ಟರ್,” ಎಂದಳು. “ಆಮೆನ್ ಹೇಳ್ಬೇಡಿ ಇನ್ನೂ.”

ಕಣ್ಣುಗಳು ತೆರೆದವು.

“ನಾನು ಕೊಟ್ಟಿಲ್ಲ. ಕೊಡೋದೂ ಇಲ್ಲ. ಈಸ್ಟರ್ ದಿನ ಕೇಳಿದ್ರು, ಬೇಡ ಅಂದೆ. ಚರ್ಚಿನ ಅಡುಗೆಮನೇಲಿ ಕೇಳಿದ್ರು, ಬೇಡ ಅಂದೆ. ಇದು ಮೂರನೇದು. ಬೇಡ.”

“ಮಾರ್ಲಿಸ್ ತಮಾಷೆ ಮಾಡ್ತಿದಾಳೆ,” ಎಂದ ಡ್ವೇನ್, ಎಲ್ಲರ ಕಡೆಗೂ ನಗುತ್ತ.

“ನಂಗೆ ತಮಾಷೆ ಬರಲ್ಲ ಡ್ವೇನ್. ನೀನೇ ಎಷ್ಟು ಸಲ ಹೇಳಿದೀಯ.”

“ಅಲ್ಲ, ಈ ವಯಸ್ಸಲ್ಲಿ ನಿಂಗ್ಯಾಕೆ? ಗಂಡ ಇಲ್ಲ, ಮಕ್ಕಳಿಲ್ಲ. ನಿಂಗೆ ಅಂತ ಯಾರಿದಾರೆ?”

“ನಾನಿದೀನಿ.”

ಕೋಲ್ಟನ್ ತಂದೆಯ ಕಡೆ ತಿರುಗಿದ. “ಡ್ಯಾಡ್, ಆಂಟಿ ಒಪ್ಕೊಂಡಿದಾರೆ ಅಂದಿದ್ಯಲ್ಲ.”

“ಆಮೇಲೆ ಮಾತಾಡೋಣ,” ಎಂದ ಡ್ವೇನ್.

ಪಾಸ್ಟರ್ ಲಿಂಡ್ ಅವರಿಗೆ ಆ ಕ್ಷಣದಲ್ಲಿ ಹೇಳಲು ಒಂದು ಸತ್ಯವಾಕ್ಯವಿತ್ತು. ಅವರು ಅದನ್ನು ಹೇಳದೆ, “ಈ ಊಟವನ್ನು ಆಶೀರ್ವದಿಸು, ಆಮೆನ್,” ಎಂದು ಒಂದೇ ಉಸಿರಿನಲ್ಲಿ ಮುಗಿಸಿ ಬನ್ನಿನ ಕಡೆಗೆ ನಡೆದರು. ಉಳಿದವರೂ ನಡೆದರು. ಯಾರೂ ಮಾರ್ಲಿಸ್‌ಳ ಮುಖ ನೋಡಲಿಲ್ಲ. ಅವಳ ತಟ್ಟೆಯಿಂದ ಮಾಂಸ ತೆಗೆದುಕೊಂಡರು, ಮೆಲ್ಲಗೆ ಅಗಿದರು, ಅಗಿಯುತ್ತಲೇ ಪಕ್ಕದವರ ಕಿವಿಯಲ್ಲಿ ಸ್ವಾರ್ಥ ಎಂಬ ಮಾತನ್ನು ಇಟ್ಟರು. ಧೈರ್ಯವಿಲ್ಲದವರ ಹಸಿವು ಬಹಳ ದೊಡ್ಡದು. ಸಂಜೆಯೊಳಗೆ ತಟ್ಟೆಗಳೆಲ್ಲ ಖಾಲಿ.

ಸೋಮವಾರ ಜೋಲೀನ್ ಅಕ್ಕನ ಮನೆಗೆ ಬಂದಳು. ಚಪ್ಪಲಿ ಬಿಚ್ಚಲಿಲ್ಲ, ಕೂರಲಿಲ್ಲ.

“ಊರ ಮುಂದೆ ನಮ್ಮ ಮರ್ಯಾದೆ ತೆಗೆದೆ.”

“ನನ್ನ ಕೇಳದೆ ಊರಿಗೆ ಹೇಳಿದ್ದು ನೀವು.”

“ಎರಡು ಸಲ ಕೇಳಿದ್ವಲ್ಲ ಮಾರ್ಲಿಸ್.”

“ಎರಡು ಸಲ ಬೇಡ ಅಂದೆನಲ್ಲ.”

“ಎರಡು ಸಲ ಬೇಡ ಅಂದ್ರೆ ಬೇಡ ಅಂತ ಯಾರು ತಿಳ್ಕೋತಾರೆ?”  ಜೋಲೀನ್ ಹಾಗೆಂದು ನಿಜವಾಗಿಯೂ ನಂಬಿದ್ದಳು. ಅದೇ ಈ ಕಥೆಯ ಅತಿ ದೊಡ್ಡ ದುಃಖ. “ಕೋಲ್ಟನ್ ಏನು ಮಾಡ್ಬೇಕು ಈಗ? ಹೇಳು.”

“ದೋಣಿ ಮಾರಿ.”

“ದೋಣಿನಾ?” ಜೋಲೀನ್ ಹುಚ್ಚಿಯನ್ನು ನೋಡುವಂತೆ ಅಕ್ಕನನ್ನು ನೋಡಿದಳು. “ಬೇಸಿಗೆ ಈಗ ತಾನೆ ಶುರುವಾಗಿದೆ.”

ಮಾರ್ಲಿಸ್ ಒಲೆಯ ಕಡೆ ತಿರುಗಿದಳು. ಉತ್ತರ ಕೊಡುವಷ್ಟು ತೂಕ ಆ ಮಾತಿಗಿರಲಿಲ್ಲ.

“ಹಾಗಾದ್ರೆ ಇನ್ಮೇಲೆ ಹಬ್ಬಕ್ಕೆ ನಮ್ಮನೆ ಕಡೆ ಬರ್ಬೇಡ,” ಎಂದು ಜೋಲೀನ್ ಬಾಗಿಲು ಹಾಕಿಕೊಂಡು ಹೋದಳು.

ಮರುದಿನ ಪಾಸ್ಟರ್ ಲಿಂಡ್ ಕೂಡ ಬಂದರು. “ನನ್ನನ್ನ ಪಕ್ಕಕ್ಕೆ ಕರೆದು ಹೇಳ್ಬಹುದಿತ್ತು ಮಾರ್ಲಿಸ್,” ಎಂದರು, ನೊಂದ ದನಿಯಲ್ಲಿ.

“ನೀವೂ ನನ್ನನ್ನ ಪಕ್ಕಕ್ಕೆ ಕರೆದು ಕೇಳ್ಬಹುದಿತ್ತು ಪಾಸ್ಟರ್.”

ಅವರು ಹವಾಮಾನದ ವಿಷಯ ಮಾತಾಡಿ ಹೋದರು.

ಆಗಸ್ಟ್ ಕೊನೆಯಲ್ಲಿ ಮಾರ್ಲಿಸ್ ತರಗತಿಗೆ ಹೋಗತೊಡಗಿದಳು. ಮೊದಲ ಕಂತಿನ ಶುಲ್ಕ ಆ ಖಾತೆಯಿಂದಲೇ ನೇರವಾಗಿ ಹೋಯಿತು. ತೆರಿಗೆಯವನು ಅದರ ಮೇಲೆ ಬೆರಳಿಡಲಿಲ್ಲ. ಎಲ್ಲವೂ ಸುಗಮವಾಯಿತೆಂದು ಹೇಳಿದರೆ ಸುಳ್ಳಾದೀತು. ರಸಾಯನಶಾಸ್ತ್ರದ ಮೊದಲ ಪರೀಕ್ಷೆಯಲ್ಲಿ ಅವಳು ಅನುತ್ತೀರ್ಣಳಾದಳು. ಕಾರು ನಿಲ್ಲಿಸುವ ಜಾಗದಲ್ಲಿ ಕುಳಿತು ಅತ್ತಳು, ಮೂಗು ಒರೆಸಿಕೊಂಡಳು, ಒಳಗೆ ಹೋಗಿ ಮೇಷ್ಟ್ರ ಬಾಗಿಲು ತಟ್ಟಿ, “ನಂಗೆ ಇದು ಮೊದಲಿಂದ ಅರ್ಥ ಆಗಿಲ್ಲ, ಮೊದಲಿಂದ ಹೇಳ್ತೀರಾ,” ಎಂದು ಕೇಳಿದಳು. ಅವರು ಹೇಳಿದರು. ಎರಡನೆಯ ಪರೀಕ್ಷೆಯಲ್ಲಿ ಅಂಚಿನಲ್ಲಿ ದಾಟಿಕೊಂಡಳು. ಆ ಕ್ರಿಸ್‌ಮಸ್ ದಿನ ಅವಳು ಒಬ್ಬಳೇ ಊಟ ಮಾಡಿದಳು. ಪುಸ್ತಕವನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು, ಸಾವಿರಾರು ಅಡಿ ದಪ್ಪದ ಹಿಮ ಉತ್ತರದಿಂದ ಜರುಗುತ್ತ ಬಂದು, ತಾನು ಹೊತ್ತು ತಂದ ಕಲ್ಲುಗಳನ್ನೆಲ್ಲ ಈ ಬಯಲಿನಲ್ಲಿ ಇಳಿಸಿ ಕರಗಿಹೋದ ಬಗೆಯನ್ನು ಓದಿದಳು. ಓದಿ ಮುಗಿಸಿ ಸ್ತೋತ್ರ ಹೇಳಿದಳು. ತಂಗಿಗಾಗಿಯೂ ಪ್ರಾರ್ಥಿಸಿದಳು, ತಂಗಿ ಮಾಡಿದ್ದು ಸರಿಯೆಂದು ಮಾತ್ರ ಪ್ರಾರ್ಥನೆಯಲ್ಲಿಯೂ ಹೇಳಲಿಲ್ಲ.

ಕೋಲ್ಟನ್ ವಿದ್ಯುತ್ ಕಂಬ ಹತ್ತುವ ಕೆಲಸದ ತರಬೇತಿಗೆ ಸೇರಿದ. ಅದಕ್ಕೆ ಸಂಬಳವೇ ಸಿಗುತ್ತಿತ್ತು. ಅವನಿಗೆ ಬೇಕಾಗಿದ್ದುದೂ ಅದೇ, ಯಾರೂ ಕೇಳಿರಲಿಲ್ಲ. ಜೋಲೀನ್ ಸಭಾಮಂದಿರದಲ್ಲಿ ಬೇರೆ ಸಾಲಿನಲ್ಲಿ ಕೂರುತ್ತಾಳೆ. ಡ್ವೇನ್ ಪ್ರತಿ ಬೇಸಿಗೆ ದೋಣಿಯನ್ನು ನೀರಿಗಿಳಿಸುತ್ತಾನೆ. ಅದರ ಮೇಲಿನ ಅಕ್ಷರಗಳ ಬಣ್ಣ ಎದ್ದುಹೋಗಿದೆ, ಬರೆದದ್ದೇನೆಂದು ಓದಲು ಬರುವುದಿಲ್ಲ. ಮಾರ್ಲಿಸ್ ಈಗ ಮೂರನೆಯ ವರ್ಷದಲ್ಲಿದ್ದಾಳೆ.

ಓದುಗರೇ, ನಿಮ್ಮೊಳಗೂ ದೇವರು ಏನಾದರೊಂದನ್ನು ಕಲಿಯುವ ಆಸೆಯನ್ನು ಇಟ್ಟಿರುತ್ತಾನೆ. ಅದು ಮಕ್ಕಳದು, ಮೊಮ್ಮಕ್ಕಳದು, ತಂಗಿಯ ಮನೆಯವರದು ಎಂದು ಹಂಚಿಬಿಡಬೇಡಿ. ಕೊಡಬೇಕೆನಿಸಿದಾಗ ಧಾರಾಳವಾಗಿ ಕೊಡಿ. ನಿಮ್ಮನ್ನು ಕೇಳದೆ ನಿಮ್ಮ ಹೆಸರಿನಲ್ಲಿ ಕೊಡುವವರ ಮುಂದೆ ತಲೆಬಾಗಬೇಡಿ. ಈ ತಿಂಗಳ ಸಂಬಳದಿಂದಲೇ, ಎಷ್ಟು ಚಿಕ್ಕದಾದರೂ ಸರಿ, ನಿಮ್ಮ ಓದಿಗೆಂದು ನಿಮ್ಮ ಹೆಸರಿನಲ್ಲಿಯೇ ಒಂದು ಪಾಲು ತೆಗೆದಿಡಲು ಆರಂಭಿಸಿ. ವಯಸ್ಸೆಷ್ಟೆಂದು ಯಾರಾದರೂ ಕೇಳಿದರೆ ನಾಚದೆ ಹೇಳಿ, ಹೇಳಿ ಹೋಗಿ ತರಗತಿಯಲ್ಲಿ ಕುಳಿತುಕೊಳ್ಳಿ.